ಮೇಸ್ತ್ರಿಯ ಎಡಗಣ್ಣು

ಬಡಗಿಯ ಅಂಗಡಿಯಲ್ಲಿ ಎಲ್ಲರಿಗಿಂತ ದೊಡ್ಡ ಹುದ್ದೆ ನಾಯಿಯದು. ಬಾಗಿಲಲ್ಲಿ ಕುಳಿತು ಗರಗಸ ಆಡುವುದನ್ನೇ ನೋಡುತ್ತಿದ್ದುದರಿಂದ ಅದಕ್ಕೆ ಮೇಸ್ತ್ರಿ ಎಂದು ಹೆಸರು ಬಿದ್ದಿತ್ತು. ಕಣ್ಣು ಮಂಜಾದ ಬಡಗಿಯ ಅಪ್ಪನನ್ನು ಮನೆಯಿಂದ ಅಂಗಡಿಗೆ ಕರೆತರುವುದೂ ಅದರದೇ ಕೆಲಸ. ಗುಂಡಿ ಕಂಡರೆ ಅದು ನಿಲ್ಲುತ್ತಿತ್ತು. ಅದರ ಕೊರಳಿಗೆ ಕಟ್ಟಿದ ಹಗ್ಗ ಸಡಿಲವಾದದ್ದು ಕೈಗೆ ತಿಳಿದು ಅಪ್ಪನೂ ನಿಲ್ಲುತ್ತಿದ್ದರು. ಬೀದಿಯವರು ಹೊಗಳಿದರೆ ಬಡಗಿಯ ಎದೆ ಉಬ್ಬಿ ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು.

ಆ ಬೆಳಿಗ್ಗೆ ಮೇಸ್ತ್ರಿಯ ಎಡಗಣ್ಣು ಹಳದಿ ಪಿಸುರಿನಿಂದ ಅಂಟಿಕೊಂಡಿತ್ತು.

"ಮರದ ಹೊಟ್ಟು ಬಿದ್ದಿರತ್ತೆ, ಅಷ್ಟೇ" ಎಂದು ಬಡಗಿ ಟವೆಲಿನ ತುದಿಯನ್ನು ಸುರುಳಿ ಸುತ್ತಿದ. ಮರಗೆಲಸದವರ ಕಣ್ಣಿಗೆ ಏನು ಬಿದ್ದರೂ ಅವನೇ ಹೀಗೆ ತೆಗೆಯುತ್ತಿದ್ದುದು. ಆದರೆ ಮೇಸ್ತ್ರಿ ತಲೆ ಎಳೆದುಕೊಂಡು ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿತು. ಬಡಗಿ ಗೂಡಿನಿಂದ ಸಣ್ಣ ಸೀಸೆ ತೆಗೆದ. ಅಪ್ಪನ ಕಣ್ಣಿನ ಆಪರೇಷನ್ನಿಗೆ ತಂದು ಉಳಿದಿದ್ದ ಹನಿ ಔಷಧಿ.

ಅಷ್ಟರಲ್ಲಿ ಪ್ರಾಣಿಗಳ ಆಸ್ಪತ್ರೆಯ ನರ್ಸಮ್ಮ, ರಿಪೇರಿಗೆ ಕೊಟ್ಟಿದ್ದ ಸ್ಟೂಲು ಕೇಳಲು ಬಂದರು.

"ಅಣ್ಣಾ, ಕೈ ತಡೀರಿ! ಏನದು?"

"ಅಪ್ಪನ ಹನಿ, ನರ್ಸಮ್ಮ. ಅಪ್ಪನ ಕಣ್ಣಿಗೇ ಆಗಿಬಂದಿದೆ, ನಾಯಿ ಕಣ್ಣಿಗೆ ಆಗಲ್ವಾ?"

"ನಿಮ್ಮ ಅಂಗಿ ಅಳತೆಗೆ ಸ್ಟೂಲು ಮಾಡ್ಕೊಡಿ ಅಂತ ನಾನಂದ್ರೆ ಮಾಡ್ತೀರಾ?"

ಅಪ್ಪ ಒಳಗಿನಿಂದ ನಕ್ಕರು. "ಮಾಡ್ತಾನಮ್ಮಾ, ಎರಡು ತೋಳೂ ಇಟ್ಟು!"

ನರ್ಸಮ್ಮ ಮುಟ್ಟದೆ ಬಗ್ಗಿ ನೋಡಿದರು. "ಎದ್ದ ಕೂಡಲೇ ಮೂಲೇಲಿ ಚೂರು ತಿಳಿ ನೀರೋ ಕಂದು ಪಿಸುರೋ ಇದ್ರೆ ಹೆದರಬೇಕಾಗಿಲ್ಲ. ಕುದಿಸಿ ಆರಿಸಿದ ನೀರಲ್ಲಿ ಬಟ್ಟೆ ಅದ್ದಿ, ಮೂಲೆಯಿಂದ ಹೊರಗಡೆಗೆ ಮೆಲ್ಲಗೆ ಒರೆಸಿದ್ರೆ ಸಾಕು. ಎರಡು ಕಣ್ಣಿಗೂ ಬೇರೆ ಬೇರೆ ಬಟ್ಟೆ, ಆಮೇಲೆ ಕೈ ತೊಳ್ಕೊಳ್ಳಿ. ಆದರೆ ಇದು ಹಳದಿ. ಕಣ್ಣು ಕೆಂಪಗಿದೆ, ಬಿಡೋಕೇ ಆಗ್ತಿಲ್ಲ. ಒಳಗೆ ಗೀರಾಗಿದ್ರೆ, ಆಪರೇಷನ್ ಆದವರಿಗೆ ಕೊಡೋ ಕೆಲವು ಹನಿ ಆ ಗೀರನ್ನ ಹುಣ್ಣು ಮಾಡ್ತವೆ. ಕಣ್ಣೇ ಹೋಗ್ಬಹುದು."

"ಕಣ್ಣೇನಾ?" ಬಡಗಿಯ ದನಿ ಇಳಿಯಿತು.

"ನಡಿಯೋ" ಎಂದರು ಅಪ್ಪ. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ಎತ್ತೋವರೆಗೆ ಕಾಯ್ತೀಯಾ? ಅದಕ್ಕಿರೋದೂ ಎರಡೇ ಕಣ್ಣು. ನನಗಿರೋದೂ ಆ ಎರಡೇ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೇಸ್ತ್ರಿಯ ಕಣ್ಣಿಗೆ ಬಣ್ಣದ ಹನಿ ಹಾಕಿ ದೀಪ ಹಿಡಿದರು. ಕರಿಗುಡ್ಡೆಯ ಮೇಲೆ ಗೀರು ಬಿದ್ದ ಕಡೆ ಹಸಿರು ಗೆರೆಯೊಂದು ಹೊಳೆಯಿತು. ರೆಪ್ಪೆಯೊಳಗಿಂದ ಕೂದಲಿಗಿಂತ ತುಸು ದಪ್ಪದ ಮರದ ಸಿಬಿರು ಹೊರಬಂತು. ಟವೆಲಿನಿಂದ ತಿಕ್ಕಿದ್ದರೆ ಅದು ಇನ್ನೂ ಒಳಗಿಳಿಯುತ್ತಿತ್ತು.

"ಬೇಗ ಬಂದ್ರಿ, ಬಚಾವಾಯ್ತು" ಎಂದರು ಡಾಕ್ಟರಮ್ಮ. "ಪಿಸುರು ನಿಂತ್ರೂ ನಾನು ಕೊಟ್ಟ ಔಷಧಿ ನಿಲ್ಲಿಸಬೇಡಿ. ಪಂಜದಲ್ಲಿ ಕೆರೆಯದ ಹಾಗೆ ಈ ಕೊರಳಪಟ್ಟಿ ಇರಲಿ."

ಆನೆಕಿವಿಯಷ್ಟು ಅಗಲದ ಆ ಪಟ್ಟಿ ತೊಟ್ಟ ಮೇಸ್ತ್ರಿಗೆ ಪಕ್ಕದ್ದೇನೂ ಕಾಣುತ್ತಿರಲಿಲ್ಲ. ಮರುದಿನ ಬೀದಿಯವರೆಲ್ಲ ಒಂದು ನೋಟ ಕಂಡರು. ಬಡಗಿಯ ತೋಳು ಹಿಡಿದ ಅಪ್ಪ, ಮೇಸ್ತ್ರಿಯ ಎಡಕ್ಕೆ ಬಂದು, ಇನ್ನೊಂದು ಕೈಯನ್ನು ಅದರ ಬೆನ್ನ ಮೇಲಿಟ್ಟು ನಡೆಯುತ್ತಿದ್ದರು.

"ಇಷ್ಟು ದಿನ ನೀನು ನನ್ನ ಕರ್ಕೊಂಡು ಬಂದೆ. ಈಗ ನಿನ್ನ ಎಡಗಡೆ ನಂದು. ಬಾ ಮಗಾ."

ಗಾಯ ಪೂರ್ತಿ ಮಾಗಿದೆ ಎಂದು ಡಾಕ್ಟರಮ್ಮ ಹೇಳಿದ ದಿನ ಪಟ್ಟಿ ಕಳಚಿತು. ಅಂಗಡಿಗೆ ಬರುವ ದಾರಿಯ ಗುಂಡಿಯ ಬಳಿ ಮೇಸ್ತ್ರಿ ಥಟ್ಟನೆ ನಿಂತಿತು, ಅಪ್ಪನೂ ನಿಂತರು. ಅದನ್ನು ನೋಡಿ ಬಡಗಿ ಅಂಗಡಿಯ ಬಾಗಿಲಲ್ಲೇ ಕಣ್ಣೊರೆಸಿಕೊಂಡ. ಗರಗಸದಿಂದ ದೂರ, ಹೊಟ್ಟು ಹಾರದ ಕಡೆ, ಮೇಸ್ತ್ರಿಗೆಂದೇ ಒಂದು ಮಣೆ ಮಾಡಿಟ್ಟಿದ್ದ. ತೇಗದ ಮಣೆ, ಗಿರಾಕಿಗೂ ಮಾಡಿಕೊಡದಷ್ಟು ನಯ.

"ಏನಣ್ಣಾ, ಹೊಟ್ಟು ಬಿತ್ತಾ?" ಸ್ಟೂಲು ಒಯ್ಯಲು ಬಂದಿದ್ದ ನರ್ಸಮ್ಮ ಕೆಣಕಿದರು. "ಟವೆಲ್ ಕೊಡ್ಲಾ?"

"ಬೇಡಮ್ಮಾ. ಇದು ಹೆಮ್ಮೆದು. ತಾನಾಗೇ ಒಣಗತ್ತೆ."

ನಿಮ್ಮ ಮನೆ ಬಾಗಿಲಲ್ಲೂ ಒಬ್ಬ ಮೇಸ್ತ್ರಿ ಇರಬಹುದು. ದಿನಕ್ಕೊಮ್ಮೆ ಅದರ ಮುಖ ಹಿಡಿದು ಕಣ್ಣು ನೋಡಿ. ಪಿಸುರು ಹಳದಿಯೋ ಹಸಿರೋ ಆದರೆ, ಕಣ್ಣು ಕೆಂಪಾದರೆ, ಊದಿದರೆ, ಮಸುಕಾದರೆ, ನಾಯಿ ಕಣ್ಣು ಬಿಡದಿದ್ದರೆ ಅಥವಾ ಕೆರೆಯುತ್ತಿದ್ದರೆ ಅಂದೇ ಪ್ರಾಣಿವೈದ್ಯರ ಬಳಿ ಹೋಗಿ. ಮನೆಯ ಸೀಸೆ ಗೂಡಿನಲ್ಲೇ ಇರಲಿ. ನೋವೆಂದು ಹೇಳಲು ಅದಕ್ಕೆ ಬಾಯಿಲ್ಲ. ನೋಡಲು ನಿಮಗೆ ಕಣ್ಣಿದೆಯಲ್ಲ.