ಬಾಣಂತಿ ಅದೀಯೇನು?

ಕುರುಗೋಡಿನ ಆಸ್ಪತ್ರೆಯಲ್ಲಿ ಕೊರೋನಾ ಲಸಿಕೆ ಶುರುವಾದಾಗ ಮೊದಲ ಪಟ್ಟಿಯಲ್ಲೇ ನನ್ನ ಹೆಸರಿತ್ತು. ನಾನು ಆಶಾ ಕಾರ್ಯಕರ್ತೆ. ನಮ್ಮ ನಂತರ ಪೊಲೀಸರು, ಆಮೇಲೆ ಅರವತ್ತು ದಾಟಿದವರು ಎಂದು ಸರ್ಕಾರ ಸಾಲು ಹಾಕಿತ್ತು. ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದಾರೆಂದು ನನಗೆ ಒಳಗೊಳಗೇ ಹೆಮ್ಮೆ.

ನರ್ಸ್ ದಾಕ್ಷಾಯಣಿ ಅಕ್ಕ ಹಾಳೆ ನೋಡುತ್ತಾ ಕೇಳಿದರು: "ಜ್ವರ ಐತೇನು? ಸಕ್ಕರಿ, ಬಿಪಿ? ಗರ್ಭಿಣಿ, ಬಾಣಂತಿ ಅದೀಯೇನು?"

"ಇಲ್ಲಕ್ಕ" ಎಂದೆ.

ಸುಳ್ಳು ಹೇಳಿರಲಿಲ್ಲ. ಮಗಳಿಗೆ ಆಗಲೇ ಏಳು ತಿಂಗಳು. ಐದು ತಿಂಗಳು ಮುಗಿಸಿ, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ, ತವರಿನಿಂದ ಗಂಡನ ಮನೆಗೆ ಬಂದವಳನ್ನು ನಮ್ಮಲ್ಲಿ ಯಾರೂ ಬಾಣಂತಿ ಅನ್ನುವುದಿಲ್ಲ.

ರವಿಕೆಯ ತೋಳು ಮಡಚಿ ಕೂತಿದ್ದೆ. ಅಷ್ಟರಲ್ಲಿ ಅತ್ತೆ ಮಾರೆಮ್ಮ ಅಳುವ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದರು. "ಏ ಕಾವೇರಿ, ಇದರ ಬಾಯಿಗಿ ಒಂದೀಟು ಹಾಲು ಹಾಕವಾ. ಓಣಿ ತುಂಬ ಡಂಗುರ ಸಾರಾಕ ಹತ್ತೈತಿ."

ದಾಕ್ಷಾಯಣಿ ಅಕ್ಕನ ಕೈಯಲ್ಲಿದ್ದ ಸಿರಿಂಜು ಅಲ್ಲೇ ನಿಂತಿತು. "ಬಾಣಂತಿ ಅಲ್ಲ ಅಂದ್ಯಲ್ಲೇ?"

"ಏಳು ತಿಂಗಳ ಕೂಸಕ್ಕ. ಬಾಣಂತನ ಮುಗುದು ಎಷ್ಟೋ ದಿನ ಆತು!"

"ಅಯ್ಯ ಹುಚ್ಚಿ, ಇಲ್ಲಿ ಬಾಣಂತಿ ಅಂದ್ರ ಹಾಲು ಕುಡಸೋಕಿ ಅಂತ."

"ಹಂಗಾದ್ರ ನಮ್ಮ ಓಣ್ಯಾಗ ಮೂರು ವರ್ಷದ ಬಾಣಂತ್ಯಾರು ಅದಾರ ಬಿಡ್ರಿ" ಎಂದಳು ನನ್ನ ಹಿಂದಿದ್ದ ಅಂಗನವಾಡಿಯ ಸಾವಂತ್ರಮ್ಮ. ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಹೆಸರಿನ ಮುಂದೆ 'ತಡೆಹಿಡಿದಿದೆ' ಎಂದು ಬರೆದು ಆ ಡೋಸನ್ನು ಸಾವಂತ್ರಮ್ಮನಿಗೆ ಹಾಕಿದರು.

"ಔಷಧ ಹಾಲಿನ್ಯಾಗ ಹೋಗ್ತೈತೇನಕ್ಕ? ಕೂಸಿಗಿ ಕೆಟ್ಟದ್ದೇನು?"

"ಕೆಟ್ಟದ್ದು ಅಂತ ಬರದಿಲ್ಲ. ಕೆಟ್ಟದ್ದಲ್ಲ ಅಂತಾನೂ ಬರದಿಲ್ಲ. ಹಾಲು ಕುಡಸೋರ ಮ್ಯಾಲ ಪರೀಕ್ಷಾ ಮಾಡಿಲ್ಲಂತ. ಹಾಲು ಬಿಡಿಸಿದ ಮ್ಯಾಲ ಬಾ."

ಏಪ್ರಿಲ್ ಕೊನೆಗೆ ಓಣಿಯ ಮನೆಮನೆಯಲ್ಲೂ ಕೆಮ್ಮು. ಪ್ರತಿ ಮನೆಗೆ ಹೋಗಿ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುವುದು ನನ್ನ ಕೆಲಸ. ಲಸಿಕೆಯ ಪಟ್ಟಿಯಲ್ಲಿ ನನ್ನನ್ನು ತಡೆದಿದ್ದರು, ಕೆಲಸದ ಪಟ್ಟಿಯಲ್ಲಿ ತಡೆದಿರಲಿಲ್ಲ. ಎರಡು ಮನೆ ಆಚೆಯ ಗಾದೆಪ್ಪಜ್ಜನ ಬೆರಳಲ್ಲಿ ಎಂಬತ್ತೆರಡು ತೋರಿಸಿತು. ಬಳ್ಳಾರಿಗೆ ಕಳಿಸಿದೆವು. ನಾಲ್ಕನೇ ದಿನ ಜೊತೆಗೆ ಹೋಗಿದ್ದ ಮಗ ಒಬ್ಬನೇ ವಾಪಸು ಬಂದ.

ಅಂದಿನಿಂದ ಮನೆಗೆ ಬರಲಿಕ್ಕೇ ಹೆದರಿಕೆ. ಹಿತ್ತಲಲ್ಲಿ ಸ್ನಾನ ಮಾಡುವಾಗಲೇ ಕೂಸಿನ ಅಳು ಕೇಳುತ್ತಿತ್ತು. ಮಾಸ್ಕ್ ಹಾಕಿಕೊಂಡೇ ಹಾಲೂಡುತ್ತಿದ್ದೆ. ಅದು ಕುಡಿಯುತ್ತಾ ಕುಡಿಯುತ್ತಾ ಮಾಸ್ಕ್ ಎಳೆಯುತ್ತಿತ್ತು, ಅವ್ವನ ಬಾಯಿ ಕಾಣಬೇಕು ಅದಕ್ಕೆ. ನಾನು ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದೆ.

ಗಂಡ ಹೊನ್ನೂರಸ್ವಾಮಿ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದಾರೆ. "ಈ ಕೆಲಸ ಬಿಟ್ಟುಬಿಡು" ಅಂದರು.

"ಬಿಟ್ರ ಇಷ್ಟು ಮನಿ ಯಾರು ನೋಡ್ತಾರ? ನೀವು ನೋಡ್ತೀರೇನು?"

"ಹಂಗಾರ ಕೂಸನ್ನ ಕರೂರಿಗಿ ನಿಮ್ಮವ್ವನ ಹತ್ರ ಬಿಡು. ಎಂಟು ದಿನಕ್ಕ ಹಾಲು ಮರೀತೈತಿ."

ಹಾಲು ಬಿಡಿಸಲು ನಮ್ಮ ಕಡೆ ಹಾಗೇ ಮಾಡುವುದು. ಆದರೆ ಲಾಕ್‌ಡೌನ್ ಆಗಿ ಕರೂರಿಗೆ ಹೋಗುವ ಸಿರುಗುಪ್ಪದ ಬಸ್ಸು ನಿಂತಿತ್ತು. ಅಲ್ಲಿ ಅವ್ವನಿಗೂ ಜ್ವರ.

ಮೇ ತಿಂಗಳ ಮೊದಲ ಬುಧವಾರ ದಾಕ್ಷಾಯಣಿ ಅಕ್ಕ ಫೋನು ಮಾಡಿದರು. "ಬಳ್ಳಾರಿಯಿಂದ ಬರೋ ಲಸಿಕೆ ಎರಡನೇ ಡೋಸಿನವರಿಗೇ ಸಾಲವಲ್ದು. ಆದ್ರೂ ಉಳಿದ ಆಶಾಗಳಿಗಿ ಸೋಮವಾರ ಹಾಕ್ತೀನಿ. ಹಾಲು ಬಿಡಿಸಿದ್ರ ಬಾ. ಇದು ತಪ್ಪಿದ್ರ ಮತ್ತ ಯಾವಾಗೋ ನನಗೂ ಗೊತ್ತಿಲ್ಲ."

ಉಳಿದದ್ದು ನಾಲ್ಕು ದಿನ. ಅತ್ತೆ ಬೇವಿನೆಲೆ ಅರೆದು ಬಟ್ಟಲಲ್ಲಿ ತಂದಿಟ್ಟರು. ಎದೆಗೆ ಹಚ್ಚಿಕೊಂಡೆ. ಕೂಸು ಬಾಯಿಟ್ಟು, ಮುಖ ಹಿಂಡಿ, ನನ್ನನ್ನೇ ನೋಡಿತು. ಸಿಟ್ಟಿನಿಂದಲ್ಲ. ಏನೋ ಕೆಟ್ಟಿದೆ, ನೀನೇ ಸರಿಮಾಡು ಎನ್ನುವ ಹಾಗೆ. ಮತ್ತೆ ಬಾಯಿಟ್ಟಿತು, ಮತ್ತೆ ನೋಡಿತು. ಶನಿವಾರದ ಹೊತ್ತಿಗೆ ಬಾಯಿಡುವುದನ್ನು ಬಿಟ್ಟು, ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಮಲಗಿತು.

ನನ್ನ ಎದೆ ಕಲ್ಲಾಗಿ ಮೈ ಸುಡತೊಡಗಿತು. ಜ್ವರವಿದ್ದರೆ ಸೋಮವಾರವೂ ಹಿಂದಕ್ಕೆ ಕಳಿಸುತ್ತಾರೆ. ಅತ್ತೆ ಮಲ್ಲಿಗೆ ಹೂ ತಂದು ಎದೆಗೆ ಬಿಗಿಯಾಗಿ ಕಟ್ಟಿದರು, ಹಾಲು ಇಂಗಲಿ ಎಂದು. "ನನ್ನ ಮದುವಿಯಾಗೂ ಇಷ್ಟು ಹೂವ ಕಟ್ಟಿರಲಿಲ್ಲ ನೀವು" ಎಂದೆ. "ಸುಮ್ನಿರು ಸಾಕು" ಎಂದು ಗದರಿ, ಕಣ್ಣೊರೆಸಿಕೊಂಡು ಒಳಗೆ ಹೋದರು.

ಜ್ವರ ಇಳಿಯಿತು. ಸೋಮವಾರ ಲಸಿಕೆ ಬಿತ್ತು. ಹಾಕಿಸಿಕೊಂಡವರು ಪಕ್ಕದ ಕೊಠಡಿಯಲ್ಲಿ ಅರ್ಧ ಗಂಟೆ ಕೂರಬೇಕು. ಕೂತೆ.

ಹತ್ತು ದಿನಕ್ಕೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೊಸ ಸುತ್ತೋಲೆ ಬಂತು. ಹಾಲುಣಿಸುವ ತಾಯಂದಿರು ಲಸಿಕೆ ಪಡೆಯಬಹುದು, ಹಾಲುಣಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಆಶಾಗಳು ಮನೆಮನೆಗೆ ತಿಳಿಸತಕ್ಕದ್ದು.

ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಕೂಸನ್ನು ಎದೆಗೆ ಹಚ್ಚಿಕೊಂಡೆ. ಅದು ಎರಡೂ ಕೈಯಿಂದ ನನ್ನ ಎದೆ ದೂಡಿ, ಒಲೆಯ ಪಕ್ಕದ ಆಕಳ ಹಾಲಿನ ಲೋಟದ ಕಡೆ ಬಾಗಿತು. ಕುಡಿಸಿದೆ.

ಮರುದಿನ ಮೊದಲು ಹೋದದ್ದು ನಮ್ಮ ಓಣಿಯ ಜಯಶ್ರೀಯ ಮನೆಗೆ. ಪಡಸಾಲೆಯಲ್ಲಿ ಕೂತು ಮಗನಿಗೆ ಹಾಲೂಡುತ್ತಿದ್ದಳು. ಸುತ್ತೋಲೆ ಓದಿ ಹೇಳಿದೆ.

"ಹಾಲು ಬಿಡಸಬೇಕಂತೇನು?"

"ಬ್ಯಾಡಂತ. ಕುಡಸಬೌದು."

"ಮತ್ತ ನೀ ಯಾಕ ಬಿಡಿಸಿದಿ?"

"ನಾನು ಮೊದಲ ಪಟ್ಟಿಯಾಗ ಇದ್ದೆ, ಜಯಕ್ಕ."

ಅವಳು ಮಗನ ತಲೆಗೆ ಸೆರಗು ಹೊದಿಸಿ, "ನನ್ನ ಪಟ್ಟಿ ಯಾವಾಗ ಬರ್ತೈತಿ?" ಎಂದಳು.

ಗೊತ್ತಿಲ್ಲ ಎಂದೆ. ಹಾಲು ಕುಡಿಯುತ್ತಲೇ ನಿದ್ದೆಹೋಗಿದ್ದ ಕೂಸು ಎಚ್ಚರಗೊಳ್ಳದ ಹಾಗೆ ಅವಳ ಬೆರಳು ತೆಗೆದುಕೊಂಡು ಆಕ್ಸಿಮೀಟರ್ ಹಾಕಿದೆ. ತೊಂಬತ್ತೆಂಟು. ಬರೆದುಕೊಂಡು ಪಕ್ಕದ ಮನೆಯ ಬಾಗಿಲು ಬಡಿದೆ.