ಸಾಹೇಬರ ಗುಂಡಿ

"ನಿಮ್ಮಮ್ಮ ನಿನ್ನ ಬದಲು ಒಂದು ಕಲ್ಲು ಹೆತ್ತಿದ್ರೆ ಈ ರಸ್ತೆಗಾದ್ರೂ ಆಗಿಬರ್ತಿತ್ತಲ್ಲೋ."

ಕಂಟ್ರಾಕ್ಟರು ಊರವರ ಮುಂದೆಯೇ ಅಂದುಬಿಟ್ಟ. ಜಲ್ಲಿ ಹೊರುತ್ತಿದ್ದ ಹೆಂಗಸರು ಬುಟ್ಟಿ ಇಳಿಸಿ ನೆಲ ನೋಡಿದರು. ರೋಲರ್ ಡ್ರೈವರನ ಕಿವಿ ಕಾದ ಡಾಂಬರಾಯಿತು.

ಆಗಿದ್ದಿಷ್ಟು. ಬಿಲ್ಲಿನಲ್ಲಿ ಎರಡಿಂಚು ಡಾಂಬರು, ನೆಲದ ಮೇಲೆ ಚಪ್ಪಲಿ ಅಟ್ಟೆಯಷ್ಟು. ಒಂದೇ ಒಂದು ಕಡೆ, ಮೊರದಗಲ ಜಾಗದಲ್ಲಿ, ಗುಂಡಿ ತೋಡಿ ಎರಡಿಂಚು ಭರ್ತಿ ಹಾಕಿ ಮೇಲೆ ಸುಣ್ಣದ ಗುರುತು ಬಳಿಯುವುದು. ಇಂಜಿನಿಯರು ಬಂದು ಊರವರ ಎದುರಿಗೆ ಅಲ್ಲೇ ಅಗೆಸಿ, ಅಳೆದು, ಸಹಿ ಹಾಕುವುದು. ಕೆಲಸದವರು ಅದಕ್ಕೆ ಸಾಹೇಬರ ಗುಂಡಿ ಅನ್ನುತ್ತಿದ್ದರು. ಇವತ್ತು ಸುಣ್ಣ ಆರುವ ಮೊದಲೇ ಕಂಟ್ರಾಕ್ಟರು, "ಇನ್ನೊಂದು ಸುತ್ತು ಹೊಡಿಯೋ, ಮಿರಮಿರ ಅನ್ಬೇಕು" ಅಂದಿದ್ದ. ಡ್ರೈವರು ಹೊಡೆದ. ರೋಲರಿನ ಒದ್ದೆ ಚಕ್ರಕ್ಕೆ ಸುಣ್ಣ ಮೆತ್ತಿಕೊಂಡು ಐದೈದು ಹೆಜ್ಜೆಗೊಂದು ಗುರುತು ಒತ್ತುತ್ತಾ ಹೋಯಿತು, ಒತ್ತುತ್ತಾ ಬಂತು. ಈಗ ಎಲ್ಲವೂ ಒಂದೇ ಬಿಳುಪು.

"ಏನ್ರಪ್ಪಾ, ರಸ್ತೆಗೆ ಸಿಡುಬು ಎದ್ದಿದೆ?" ಅಂದಳು ಒಬ್ಬ ಅಜ್ಜಿ. ಯಾರೋ ಕಿಸಕ್ಕೆಂದರು.

ಇದೇ ರಸ್ತೆಗೆ ಸರ್ಕಾರ ಮೊದಲೇ ಎರಡು ಸಲ ದುಡ್ಡು ಸುರಿದಿತ್ತು. ಎರಡು ಸಲವೂ ಮೊದಲ ಮಳೆಗೇ ಕಿತ್ತುಹೋಗಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವ ಅಮ್ಮನನ್ನು, ಆಂಬುಲೆನ್ಸಿನವನು ಕೆಸರಿಗೆ ಇಳಿಯಲ್ಲ ಅಂದಾಗೆಲ್ಲ, ಡ್ರೈವರು ಬೆನ್ನ ಮೇಲೆ ಹೊತ್ತಿದ್ದ. "ನಿನ್ನ ರೋಲರು ನಮ್ಮೂರಿಗೂ ಬರುತ್ತೇನೋ ಮಗಾ?" ಅಂತ ಅವಳು ಕುತ್ತಿಗೆಯ ಹತ್ತಿರ ಕೇಳಿದ್ದಳು. ಬಂದಿತ್ತು. ಈ ಅಟ್ಟೆ ರಸ್ತೆಯನ್ನು ಉರುಳಿಸಿ ನುಣ್ಣಗೆ ಮಾಡಿದವನು ಅವಳ ಮಗನೇ. ಅವಳು ಹೆತ್ತ ಕಲ್ಲು.

ಜೀಪು ಬಂತು. ಇಂಜಿನಿಯರು ಇಳಿದು ಗುರುತಿನ ಸಾಲು ನೋಡಿ, ಕಂಟ್ರಾಕ್ಟರನ ಮುಖ ನೋಡಿದ. ಹಾರೆಯವನು ಹಾರೆ ಹಿಡಿದು ನಿಂತ. ಊರೆಲ್ಲ ನೋಡುತ್ತಿರುವಾಗ ಅಳತೆ ತಪ್ಪಿದರೆ ಬಿಲ್ಲು ನಿಲ್ಲುತ್ತದೆ, ರಸ್ತೆ ಮತ್ತೆ ಹಾಕಬೇಕಾಗುತ್ತದೆ.

ಕಂಟ್ರಾಕ್ಟರು ರೋಲರಿಗೆ ಒರಗಿದ. ದನಿ ಬೆಣ್ಣೆಯಾಗಿತ್ತು. "ಮರೀ, ಏನೋ ಸಿಟ್ಟಲ್ಲಿ ಅಂದೆ. ಗುಂಡಿ ತೋಡಿದ್ದು ನೀನೇ ಅಲ್ವೇನೋ? ಯಾವ್ದು ಅಂತ ಕಣ್ಣಲ್ಲಿ ತೋರ್ಸು, ಸಾಕು."

ಯಾವುದು ಅಂತ ಅವನಿಗೆ ಗೊತ್ತಿತ್ತು. ಕಂಟ್ರಾಕ್ಟರನ ಬೂಟು ಅದರ ಮೇಲೆಯೇ ಇತ್ತು.

ಇಂಜಿನ್ ಆರಿಸಿದ. ಕೀಲಿ ಸೀಟಿನ ಮೇಲಿಟ್ಟು ಕೆಳಗಿಳಿದ.

"ಎಲ್ಲಿ ಅಗೀಲಿ ಸಾರ್?" ಹಾರೆಯವನು ಕೇಳಿದ.

"ತಾಳೋ. ಲೋ ಮರೀ, ಯಾವ್ದು ಅಂತ ಹೇಳಿ ಹೋಗೋ. ಲೋ, ನಿನ್ನೇ ಕೇಳ್ತಿರೋದು."

ಅವನು ಒಂದೊಂದೇ ಬಿಳಿ ಗುರುತನ್ನು ತುಳಿಯುತ್ತಾ, ಮನೆ ಕಡೆ ನಡೆದ.