ಅಳಿಯನಿಗೆ ಹೇಳಬೇಕಾದ ಮಾತು

ಹೆರಿಗೆ ವಾರ್ಡಿನ ಹಿರಿಯ ನರ್ಸ್ ಎಂಥ ಮಾತನ್ನೂ ಎಂಥವರ ಮುಂದೆಯೂ ಮುಖಕ್ಕೆ ಹೊಡೆದ ಹಾಗೆ ಹೇಳುವವಳು. ಅದೂ ಮೂರನೇ ವಾರ್ಡಿನವರೆಗೂ ಕೇಳಿಸುವ ಗಂಟಲಲ್ಲಿ. ಹಾಗಾಗಿ ಜೊತೆಯವರು ಅವಳಿಗೆ ಮೈಕಮ್ಮ ಎಂದು ಹೆಸರಿಟ್ಟಿದ್ದರು. ಇಪ್ಪತ್ತೇಳು ವರ್ಷದ ಸರ್ವಿಸಿನಲ್ಲಿ ಆ ಗಂಟಲು ಕಟ್ಟಿದ್ದು ಒಂದೇ ಸಲ, ಸ್ವಂತ ಅಳಿಯನ ಎದುರು.

ಅವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ಜೀಕಾ ವೈರಸ್ ಬಗ್ಗೆ ತರಬೇತಿ. ನರ್ಸ್‌ಗಳಿಗೆ ಎಷ್ಟು ಗೊತ್ತಿದೆ ನೋಡೋಣ ಎಂದು ಮೊದಲು ಹತ್ತು ಪ್ರಶ್ನೆಗಳ ಹಾಳೆ ಕೊಟ್ಟರು. ಹಗಲು ಕಚ್ಚುವ ಸೊಳ್ಳೆಯಿಂದ ಬರುತ್ತದೆ, ಬಸುರಿಗೆ ತಗುಲಿದರೆ ಮಗುವಿನ ತಲೆ ಸರಿಯಾಗಿ ಬೆಳೆಯದೆ ಹೋಗಬಹುದು ಎಂಬುದನ್ನೆಲ್ಲ ಮೈಕಮ್ಮ ಪಟಪಟನೆ ಬರೆದಳು. ‘ಸೊಳ್ಳೆಯಲ್ಲದೆ ಇನ್ನು ಹೇಗೆ ಹರಡುತ್ತದೆ?’ ಎಂಬಲ್ಲಿ ‘ಹರಡುವುದೇ ಇಲ್ಲ’ ಎಂದು ಬರೆದು, ಕೆಳಗೆ ಎರಡು ಗೆರೆಯನ್ನೂ ಎಳೆದಳು.

ಪಾಠ ಮಾಡಲು ಬಂದಿದ್ದ ಡಾಕ್ಟರಮ್ಮನಿಗೆ ಅವಳ ಮಗಳ ವಯಸ್ಸು. ಗೆರೆ ನೋಡಿ ನಕ್ಕಳು.

“ಹರಡುತ್ತೆ ಸಿಸ್ಟರ್, ಗಂಡನಿಂದ ಹೆಂಡತಿಗೆ. ಜ್ವರ ಗಿರ ಏನೂ ಬರದೇ ಇದ್ರೂ ಅವನ ಮೈಯಲ್ಲಿ ಇರಬಹುದು. ಗಂಡ ಕಾಯಿಲೆ ಇರೋ ಊರಿಂದ ಬಂದು, ಹೆಂಡತಿ ಬಸುರಿ ಆಗಿದ್ರೆ, ಹೆರಿಗೆ ಆಗೋವರೆಗೂ ಕಾಂಡೋಮ್ ಬಳಸಬೇಕು. ಇಲ್ಲಾ ದೂರ ಇರಬೇಕು.”

ಮೈಕಮ್ಮನಿಗೆ ತನ್ನ ಮನೆ ನೆನಪಾಯಿತು. ಲಿಫ್ಟ್ ಮೆಕ್ಯಾನಿಕ್ ಅಳಿಯ ಎರಡು ತಿಂಗಳಿಂದ ಅಂಥದೇ ಊರಿನಲ್ಲಿದ್ದ. ಮಗಳಿಗೆ ನಾಲ್ಕು ತಿಂಗಳು. ಇಬ್ಬರೂ ಇರುವುದು ಇವಳ ಮನೆಯ ಮಹಡಿಯಲ್ಲೇ. ಅವನು ಬರುವುದು ಅಂದೇ ಮಧ್ಯಾಹ್ನ!

ಕಾರಿಡಾರಿಗೆ ಓಡಿ ಮಗಳಿಗೆ ಫೋನ್ ಮಾಡಿದಳು.

“ಲೇ, ಅವನು ಬಂದ ಮೇಲೆ ನೀವಿಬ್ರೂ...”

“ಅಮ್ಮಾ, ನಮ್ಮ ರೂಮಿನ ವಿಷಯಕ್ಕೆ ನೀನು ಬರಬೇಡ,” ಎಂದು ಮಗಳು ಫೋನ್ ಕುಕ್ಕಿದಳು.

ಅಳಿಯನಿಗೆ ತಾನೇ ಹೇಳಲು ಬಾಯಿ ಬರಲಿಲ್ಲ. ಉಳಿದವರು ಗಂಡ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮೈಕಮ್ಮ ಡ್ಯೂಟಿ ಮುಗಿಸಿ ಬಂದು ಅವರ ಕಿವಿಯಲ್ಲಿ ಎಲ್ಲವನ್ನೂ ಊದಿ, ಅಳಿಯನ ಬಳಿಗೆ ಅಟ್ಟಿದಳು. ಮೇಷ್ಟ್ರು ಅಳಿಯನನ್ನು ಗೇಟಿನ ಹತ್ತಿರ ಕರೆದುಕೊಂಡು ಹೋಗಿ, ಆಕಾಶ ನೋಡುತ್ತ ಹೇಳಿದರು:

“ನೋಡಪ್ಪಾ, ಈಗ ಕಾಲ ಸರಿಯಿಲ್ಲ. ಮನೇಲಿ ಬಸುರಿ ಇದ್ದಾಳೆ. ಒಂದು... ರಕ್ಷಣೆ ಅಂತ ಇರಬೇಕು. ನಿನಗೆ ಅರ್ಥ ಆಯ್ತಲ್ಲ?”

“ಆಯ್ತು ಮಾವ.”

ಅರ್ಧ ಗಂಟೆಯಲ್ಲಿ ಗೇಟಿಗೆ ಮುಷ್ಟಿ ಗಾತ್ರದ ಬೀಗ ಬಿತ್ತು. “ಪಾಪ, ಮಾವನಿಗೆ ಕಳ್ಳರ ಭಯ,” ಎಂದ ಅಳಿಯ.

ಮೈಕಮ್ಮ ಗಂಡನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಸೀದಾ ಕೋಣೆಗೆ ಹೋಗಿ ಬಿಚ್ಚಿಟ್ಟಿದ್ದ ಯೂನಿಫಾರ್ಮನ್ನು ಮತ್ತೆ ತೊಟ್ಟಳು. ಊಟದ ಮೇಜಿನ ಹಿಂದೆ ಕೂತು, ಹಾಲಿನವನ ನೋಟ್‌ಬುಕ್ ತೆರೆದು, ಕೂಗಿದಳು:

“ಮುಂದಿನವರು ಬನ್ನಿ!”

ಅಳಿಯ ಹಿಂದೆ ಮುಂದೆ ನೋಡಿದ. ಅವನ ಹೊರತು ಯಾರೂ ಇರಲಿಲ್ಲ.

“ಏನತ್ತೆ ಇದು?”

“ಅತ್ತೆ ಒಳಗಡೆ ಇದ್ದಾರೆ. ಇಲ್ಲಿ ಸಿಸ್ಟರ್ ಅನ್ನಬೇಕು. ವಯಸ್ಸೆಷ್ಟು?”

“ಮೂವತ್ತೊಂದು... ಸಿಸ್ಟರ್.”

ಆಮೇಲೆ ಅವಳ ಗಂಟಲು ಬಿಟ್ಟುಕೊಂಡಿತು. ಡಾಕ್ಟರಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಮೇಷ್ಟ್ರು ಅಡುಗೆಮನೆಗೆ ಓಡಿಹೋದರು. ಅಳಿಯ ಕಿವಿ ಕೆಂಪು ಮಾಡಿಕೊಂಡು, ನೆಲದ ಟೈಲ್ಸ್ ಎಣಿಸತೊಡಗಿದ.

“ಗೊತ್ತು ಸಿಸ್ಟರ್,” ಎಂದ ಕೊನೆಗೆ. “ಅಲ್ಲಿಂದ ಹೊರಡೋವಾಗಲೇ ಕಂಪನಿಯವರು ಕೂರಿಸಿಕೊಂಡು ಇದನ್ನೆಲ್ಲ ಹೇಳಿ, ಒಂದು ಡಬ್ಬಾನೂ ಕೊಟ್ಟಿದ್ದಾರೆ. ಬ್ಯಾಗಲ್ಲಿದೆ. ಇವಳಿಗೂ ಆವಾಗಲೇ ಫೋನಲ್ಲಿ ಹೇಳಿದೀನಿ.”

“ಲಿಫ್ಟ್ ರಿಪೇರಿಯವರಿಗೆ ಗೊತ್ತು, ನನಗೆ ಗೊತ್ತಿಲ್ಲ!” ಮೈಕಮ್ಮ ನೋಟ್‌ಬುಕ್ ಮುಚ್ಚಿದಳು. ಮಹಡಿ ಮೆಟ್ಟಿಲ ಮೇಲೆ ಕೂತಿದ್ದ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಮ್ಮನಿಗೂ ನಗು ತಡೆಯಲಾಗಲಿಲ್ಲ.

ಐದು ತಿಂಗಳ ಮೇಲೆ ಮೊಮ್ಮಗಳು ಹುಟ್ಟಿದಳು. ಅಜ್ಜಿಯೇ ಟೇಪು ಹಿಡಿದು ತಲೆ ಅಳೆದಳು. ಮೂವತ್ತೈದು ಸೆಂಟಿಮೀಟರ್, ಏನೂ ಕಮ್ಮಿಯಿಲ್ಲ. ಆದರೂ ಸಮಾಧಾನವಾಗದೆ ನಾಲ್ಕನೇ ಸಲ ಟೇಪು ಎತ್ತಿದಾಗ ಹಾಸಿಗೆಯಿಂದ ಮಗಳು ಗದರಿದಳು:

“ಸಾಕು ಬಿಡಮ್ಮಾ! ಟೋಪಿ ಹೊಲಿಸ್ತಿದೀಯಾ?”